ರೈಲು ಬರಲಿ, ಆದರೆ ಹಳಿ ಬೀಳುವ ಮೊದಲು ಅರ್ಜಿ ಬೀಳಲಿ

ಹೊಳೆಬಾಗಿಲಿನಲ್ಲಿ ಲಾಂಚ್ ಕಾಯುತ್ತ ನಿಂತಾಗ ನಮಗೆ ಮಾತಿಗೆ ಯಾವಾಗಲೂ ಎರಡು ವಿಷಯ ಸಿಗುತ್ತಿದ್ದವು. ಒಂದು ಸೇತುವೆ, ಇನ್ನೊಂದು ರೈಲು. ಸೇತುವೆ ಬಂತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಆ ದಡದಿಂದ ಈ ದಡಕ್ಕೆ ಬರಲು ಈಗ ಕೆಲವೇ ನಿಮಿಷ ಸಾಕು. ಹಾಗಾಗಿ ಮಾತು ಪೂರ್ತಿ ರೈಲಿನ ಕಡೆಗೆ ಹೊರಳಿದೆ.

ನಮ್ಮ ಮೂರು ತಾಲ್ಲೂಕುಗಳ ರೈಲಿನ ಲೆಕ್ಕ ನೋಡಿ. ಸಾಗರಕ್ಕೆ ಸ್ವಾತಂತ್ರ್ಯಕ್ಕೂ ಮೊದಲೇ ಹಳಿ ಬಂದಿತ್ತು. ತಾಳಗುಪ್ಪದ ತನಕ ಹೋಗುತ್ತಿದ್ದ ಆ ಮೀಟರ್ ಗೇಜ್ ಹಳಿಯ ಮೇಲೆ ಕೊನೆಕೊನೆಗೆ ರೈಲುಬಸ್ ಓಡುತ್ತಿತ್ತು. 2011ರ ಹೊತ್ತಿಗೆ ಅದು ಬ್ರಾಡ್‌ಗೇಜ್ ಆಯಿತು. ಹೊಸನಗರ ತಾಲ್ಲೂಕಿಗೆ ಅರಸಾಳು ಕಡೆಯ ಒಂದು ಅಂಚು ಮಾತ್ರ ಸಿಕ್ಕಿದೆ. ತೀರ್ಥಹಳ್ಳಿಗೆ ಹಳಿಯೇ ಇಲ್ಲ. ತಾಳಗುಪ್ಪದಿಂದ ಹೊನ್ನಾವರಕ್ಕೆ ಇಳಿಸಿ ಎಂಬ ಬೇಡಿಕೆಗೆ ದಶಕಗಳೇ ಕಳೆದಿವೆ. ಪಕ್ಕದಲ್ಲೇ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿ 27ರಂದು ಪ್ರಧಾನಿ ಶಿವಮೊಗ್ಗದಲ್ಲಿ ಶಂಕುಸ್ಥಾಪನೆ ಮಾಡಿದರು. ಸುಮಾರು 103 ಕಿಲೋಮೀಟರ್ ಉದ್ದ, 990 ಕೋಟಿ ರೂಪಾಯಿ ಅಂದಾಜು. ಅಂದರೆ ಹೊಸ ಹಳಿ ಎಂಬುದು ಇನ್ನು ಮೇಲೆ ನಮ್ಮ ಜಿಲ್ಲೆಯಲ್ಲಿ ಬರೀ ಭಾಷಣದ ಮಾತಲ್ಲ.

ನಾವು ರೈಲಿಗೆ ವಿರೋಧಿಗಳಲ್ಲ. ಮಗಳನ್ನು ಬೆಂಗಳೂರಿನ ಕಾಲೇಜಿಗೆ ಕಳಿಸಿದವರು, ಮಣಿಪಾಲದ ಆಸ್ಪತ್ರೆಗೆ ರಾತ್ರೋರಾತ್ರಿ ಓಡಿದವರು, ಅಡಿಕೆ ಮೂಟೆಯ ಲಾರಿ ಬಾಡಿಗೆ ಕೊಟ್ಟವರು ರೈಲು ಬೇಡ ಎನ್ನುವುದಿಲ್ಲ. ನಾವು ಕೇಳುವುದು ಬೇರೆ. ಹಳಿ ಹಾಕುವಾಗ ಸಿಡಿಮದ್ದು, ಟಿಪ್ಪರ್, ರಾತ್ರಿಯ ಯಂತ್ರದ ಸದ್ದು ಬರುತ್ತದೆ. ಹಾಕಿದ ಮೇಲೆ ಹಾರ್ನ್, ಗೇಟು, ಧರೆ, ಕರೆಂಟ್ ತಂತಿ ಬರುತ್ತದೆ. ಇವುಗಳಲ್ಲಿ ಬಹುಪಾಲು ತೊಂದರೆ ತಪ್ಪಿಸಬಹುದು. ಆದರೆ ಅದನ್ನು ಕೇಳುವುದಕ್ಕೆ ಒಂದು ಕಾಲವಿದೆ. ಆ ಕಾಲ ತಪ್ಪಿದರೆ ಅರ್ಜಿ ಕೊಟ್ಟರೂ ಕಡತದಲ್ಲಿ ಕೂರುತ್ತದೆ. ಇಷ್ಟನ್ನು ನಿಮ್ಮ ಮುಂದಿಡಲು ಈ ಬರಹ.

ಊರವರನ್ನು ಕರೆಯದ ಯೋಜನೆ

ಒಂದು ದೊಡ್ಡ ಗಣಿ, ಒಂದು ದೊಡ್ಡ ಅಣೆಕಟ್ಟು ಬರುವುದಾದರೆ ಸಾಮಾನ್ಯವಾಗಿ ಮೊದಲು ಪರಿಸರ ವರದಿ ಆಗಬೇಕು. ಆಮೇಲೆ ಜನರ ಅಹವಾಲು ಸಭೆ ನಡೆಯಬೇಕು. ಶಾಮಿಯಾನ ಹಾಕಿ, ಮೈಕ್ ಇಟ್ಟು, ಊರವರ ಮಾತು ಬರೆದುಕೊಳ್ಳಬೇಕು. ಅದು 2006ರ ಪರಿಸರ ಅಧಿಸೂಚನೆಯ ನಿಯಮ.

ರೈಲು ಮಾರ್ಗ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಕಾಡಿನ ಜಾಗಕ್ಕೆ ಅರಣ್ಯ ಅನುಮತಿ ಬೇಕು, ಅಭಯಾರಣ್ಯವಾದರೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಆದರೆ ನಿಮ್ಮ ಮನೆಯ ಹಿಂದಿನ ಗುಡ್ಡ ಸಿಡಿಸುವುದರ ಬಗ್ಗೆ, ಶಾಲೆಯ ಪಕ್ಕ ಹಳಿ ಹೋಗುವುದರ ಬಗ್ಗೆ ಆ ಅಧಿಸೂಚನೆಯಡಿ ಯಾರೂ ನಿಮ್ಮನ್ನು ಸಭೆಗೆ ಕರೆಯಬೇಕಾಗಿಲ್ಲ.

ಆದ್ದರಿಂದ ಹೆಚ್ಚಿನ ಊರುಗಳಿಗೆ ಮೊದಲ ಸುದ್ದಿ ಬರುವುದು ಜಮೀನಿನಲ್ಲಿ ನೆಟ್ಟ ಕಲ್ಲಿನಿಂದ, ಇಲ್ಲವೇ ಭೂಸ್ವಾಧೀನದ ನೋಟಿಸಿನಿಂದ. ಆಗ ಊರಿನ ಗಮನವೆಲ್ಲ ಎಕರೆಗೆ ಎಷ್ಟು ಎಂಬುದರ ಮೇಲೆ. ಅದು ತಪ್ಪಲ್ಲ, ಹೊಟ್ಟೆಯ ಪ್ರಶ್ನೆ. ಆದರೆ ಪರಿಹಾರದ ಹಣ ಜಮೀನು ಕಳೆದುಕೊಂಡ ನಾಲ್ಕು ಮನೆಗೆ ಸಿಗುತ್ತದೆ. ಸದ್ದು, ಧೂಳು, ದಾರಿ ಕಡಿತ ಉಳಿದ ನಲವತ್ತು ಮನೆಗೂ ಬರುತ್ತದೆ. ಆ ನಲವತ್ತು ಮನೆಯವರ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ.

ಹಾಗೆ ಮಾತಾಡದೆ ಬಿಟ್ಟರೆ ಏನಾಗುತ್ತದೆ ಎಂದು ಶರಾವತಿ ಕಣಿವೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಆರು ದಶಕ ಕಳೆದಿದೆ. ಮುಳುಗಡೆ ಕುಟುಂಬಗಳ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಆಗ ಹೇಳಿದ ಬಾಯಿಮಾತು ಈಗ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಬರವಣಿಗೆಯಲ್ಲಿ ಇರುವುದಷ್ಟೇ ಉಳಿಯುತ್ತದೆ.

ಕಾಯ್ದೆಯಲ್ಲಿರುವ ನಮ್ಮ ಸಾಲು

1989ರ ರೈಲ್ವೆ ಕಾಯ್ದೆಯಲ್ಲಿ 16ನೇ ಕಲಂ ಒಂದಿದೆ. ಅದರ ಸಾರ ಇಷ್ಟು: ರೈಲು ಮಾರ್ಗದಿಂದ ಅಕ್ಕಪಕ್ಕದ ಜಮೀನಿನ ಬಳಕೆಗೆ ಅಡ್ಡಿಯಾದರೆ, ಅದನ್ನು ಸರಿಪಡಿಸಲು ಬೇಕಾದ ದಾಟುದಾರಿ, ಸೇತುವೆ, ಮೋರಿಗಳನ್ನು ರೈಲ್ವೆ ತನ್ನ ಖರ್ಚಿನಲ್ಲೇ ಮಾಡಿಕೊಡಬೇಕು. ಹಳಿ ಬರುವ ಮೊದಲು ನೀರು ಹೇಗೆ ಹರಿಯುತ್ತಿತ್ತೋ ಸಾಧ್ಯವಾದಷ್ಟೂ ಹಾಗೆಯೇ ಹರಿಯುವಂತೆ ಕಾಲುವೆ, ಮೋರಿ ಇಡಬೇಕು. ಈ ಕೆಲಸ ಹಳಿ ಹಾಕುವಾಗಲೇ ಅಥವಾ ಹಾಕಿದ ಕೂಡಲೇ ಆಗಬೇಕು. ಅಕ್ಕಪಕ್ಕದವರಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಮಾಡಬೇಕು.

ಇದರಲ್ಲಿ ಮೂರು ಸೂಕ್ಷ್ಮ ಇವೆ. ಮೂರೂ ನಮಗೆ ಮುಖ್ಯ.

ಮೊದಲನೆಯದು, ಎಷ್ಟು ದಾಟುದಾರಿ ಬೇಕು, ಮೋರಿ ಎಷ್ಟು ಅಗಲ ಇರಬೇಕು ಎಂದು ಹೇಳುವುದು ರಾಜ್ಯ ಸರ್ಕಾರ. ಅಂದರೆ ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ಮಾತ್ರ ಅರ್ಜಿ ಹಾಕಿ ಕೂತರೆ ಸಾಲದು. ನಮ್ಮ ತಹಶೀಲ್ದಾರರು, ಜಿಲ್ಲಾಧಿಕಾರಿಗಳ ಮೂಲಕ ರಾಜ್ಯದ ಅಭಿಪ್ರಾಯದಲ್ಲಿ ನಮ್ಮ ಊರಿನ ಹೆಸರು ಸೇರಬೇಕು.

ಎರಡನೆಯದು, ದಾಟುದಾರಿ ಬೇಡ ಎಂಬ ಷರತ್ತಿಗೆ ಪರಿಹಾರ ಪಡೆದಿದ್ದರೆ ಆಮೇಲೆ ಕೇಳುವ ಹಕ್ಕಿಲ್ಲ. ಹಾಗಾಗಿ ಪರಿಹಾರದ ಕಾಗದಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿ ಕೇಳಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿ.

ಮೂರನೆಯದು, ಮಾರ್ಗ ಸಾರ್ವಜನಿಕ ಸಂಚಾರಕ್ಕೆ ತೆರೆದು 10 ವರ್ಷ ಕಳೆದರೆ, ಜಮೀನಿನವರಿಗಾಗಿ ಹೊಸ ದಾಟುದಾರಿ, ಮೋರಿಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಡುವ ಹೊಣೆ ರೈಲ್ವೆಗೆ ಇರುವುದಿಲ್ಲ. ಮುಂದಿನ 17ನೇ ಕಲಂ ಪ್ರಕಾರ ಹೆಚ್ಚಿನ ಕೆಲಸ ಬೇಕೆಂದರೆ ಕೇಳಿದವರೇ ಖರ್ಚು ಕೊಡಬೇಕು. ಒಂದು ಕೆಳಸೇತುವೆಯ ಖರ್ಚು ಹೊರಲು ನಮ್ಮ ಯಾವ ಪಂಚಾಯಿತಿಗೆ ಶಕ್ತಿ ಇದೆ? ಹಳಿ ಬೀಳುವ ಮೊದಲು ಅರ್ಜಿ ಬೀಳಲಿ ಎಂದು ನಾವು ಹೇಳುತ್ತಿರುವುದು ಇದಕ್ಕೇ.

ಕಾಮಗಾರಿಯ ವರ್ಷಗಳು

ಹೊಸ ಮಾರ್ಗದ ಕಾಮಗಾರಿ ಒಂದೆರಡು ತಿಂಗಳ ಮಾತಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಹುಟ್ಟಿದ ಮಗು ಅಂಗನವಾಡಿಗೆ ಹೋಗುವ ತನಕವೂ ಯಂತ್ರ ಓಡುತ್ತಿರಬಹುದು.

ಮಲೆನಾಡಿನಲ್ಲಿ ಹಳಿ ಹಾಕುವುದೆಂದರೆ ಗುಡ್ಡ ಕಡಿಯುವುದು, ಹಳ್ಳ ತುಂಬುವುದು. ಮೇಲಿನ ಜಂಬಿಟ್ಟಿಗೆಯನ್ನು ಯಂತ್ರ ಅಗೆಯುತ್ತದೆ, ಕೆಳಗಿನ ಕರಿಕಲ್ಲಿಗೆ ಸಿಡಿಮದ್ದು ಬೇಕು. ನಮ್ಮ ಕಡೆ ಮಣ್ಣಿನ ಗೋಡೆಯ ಹಳೆಯ ಮನೆಗಳು ಇನ್ನೂ ಎಷ್ಟೋ ಇವೆ. ಸಿಡಿತದಿಂದ ಬಿರುಕು ಬಿಟ್ಟರೆ, ಅದು ಹಳೆಯ ಬಿರುಕು ಎಂದು ಗುತ್ತಿಗೆದಾರರು ಹೇಳುತ್ತಾರೆ, ಹೊಸದು ಎಂದು ನಾವು ಹೇಳುತ್ತೇವೆ. ಸಾಕ್ಷಿ ಇರುವುದಿಲ್ಲ.

ಸಾಕ್ಷಿ ಮಾಡಿಟ್ಟುಕೊಳ್ಳುವುದು ಕಷ್ಟವಲ್ಲ, ಕೈಯಲ್ಲೇ ಫೋನಿದೆ. ಕೆಲಸ ಶುರುವಾಗುವ ಮೊದಲು ಮನೆಯ ಪ್ರತಿ ಗೋಡೆ, ಬಾವಿಯ ಕಟ್ಟೆ, ಕೊಟ್ಟಿಗೆಯ ಕಂಬದ ಫೋಟೋ ತೆಗೆದಿಡಿ. ಅದಕ್ಕಿಂತ ಒಳ್ಳೆಯದು, ಗುತ್ತಿಗೆದಾರ, ಪಂಚಾಯಿತಿ, ಮನೆಯವರು ಮೂವರೂ ಸಹಿ ಹಾಕುವ ಪೂರ್ವ ಸಮೀಕ್ಷೆ ಕೇಳಿ. ಬೇಸಿಗೆಯ ಬಾವಿ ನೀರಿನ ಮಟ್ಟವನ್ನೂ ಅದರಲ್ಲಿ ಬರೆಸಿ.

ಸಿಡಿತದ ಕಂಪನಕ್ಕೂ ಅಳತೆ ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಗಣಿಗಳಿಗೆಂದು ಹೊರಡಿಸಿದ ಸುತ್ತೋಲೆಯಲ್ಲಿ, ಜನ ವಾಸಿಸುವ ಮನೆಯ ಬುಡದಲ್ಲಿ ನೆಲ ಅದುರುವ ವೇಗ ಎಷ್ಟು ಮೀರಬಾರದು ಎಂದು ಹೇಳಿದೆ. ನಿಧಾನ ಕಂಪನಕ್ಕೆ ಸೆಕೆಂಡಿಗೆ 5 ಮಿಲಿಮೀಟರ್ ಮಿತಿ. ಅದು ಗಣಿಗೆ ಮಾಡಿದ್ದು ನಿಜ. ಆದರೆ ಮನೆಯ ಗೋಡೆಗೆ ಸಿಡಿತ ಗಣಿಯದ್ದೋ ರೈಲಿನದ್ದೋ ಗೊತ್ತಾಗುವುದಿಲ್ಲ. ಅದೇ ಅಳತೆಯನ್ನು ಇಲ್ಲಿಯೂ ಪಾಲಿಸಿ, ಮನೆ ಹತ್ತಿರ ಕಂಪನ ಅಳೆಯುವ ಯಂತ್ರ ಇಡಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಸಿಡಿಮದ್ದಿನ ಸಾಗಣೆ, ಸಂಗ್ರಹದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಎಚ್ಚರಿಕೆ ಸಿಕ್ಕಾಗಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನ ಕಲ್ಲು ಕ್ರಷರ್ ಜಾಗದಲ್ಲಿ ಸ್ಫೋಟಕ ಸಿಡಿಯಿತು. ಕನಿಷ್ಠ ಐವರು ಸತ್ತರು. ಪಕ್ಕದ ಜಿಲ್ಲೆಗಳ ತನಕ ಸದ್ದು ಕೇಳಿತು. ಭೂಕಂಪ ಎಂದುಕೊಂಡು ಜನ ಮನೆಯಿಂದ ಹೊರಗೆ ಓಡಿದರು. ರೈಲು ಹಳಿಗೆ ಜಲ್ಲಿ ಬೇಕು, ಜಲ್ಲಿಗೆ ಕ್ವಾರಿ ಬೇಕು, ಕ್ವಾರಿಗೆ ಸಿಡಿಮದ್ದು ಬೇಕು. ಆದ್ದರಿಂದ ಜಲ್ಲಿ ಎಲ್ಲಿಂದ ಬರುತ್ತದೆ, ಆ ಕ್ವಾರಿಗೆ ಪರವಾನಗಿ ಇದೆಯೇ, ಮದ್ದು ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಕೇಳುವ ಹಕ್ಕು ಊರಿಗಿದೆ.

ಇನ್ನು ರಾತ್ರಿಯ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಶಾಲೆ, ಆಸ್ಪತ್ರೆ, ಕೋರ್ಟುಗಳ ಸುತ್ತ 100 ಮೀಟರ್ ತನಕದ ನಿಶ್ಶಬ್ದ ವಲಯದಲ್ಲಿ 50 ಮತ್ತು 40. 2010ರಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿದೆ: ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯದಲ್ಲಿ ಸದ್ದು ಮಾಡುವ ಕಟ್ಟಡ ಕಾಮಗಾರಿ ಯಂತ್ರಗಳನ್ನು ರಾತ್ರಿ ಓಡಿಸುವಂತಿಲ್ಲ. ರಾತ್ರಿ ನಿರ್ಬಂಧ ಮುರಿದರೆ ಜಿಲ್ಲಾಡಳಿತಕ್ಕೆ, ಪೊಲೀಸರಿಗೆ ದೂರು ಕೊಡಬಹುದು.

ಡೆಸಿಬೆಲ್ ಲೆಕ್ಕ ನಮ್ಮ ಅಡಿಕೆಯ ತೂಕದಂತಲ್ಲ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಎನಿಸುತ್ತದೆ. ಪೇಟೆಯ ಮಧ್ಯದಲ್ಲಿ ಒಂದು ಯಂತ್ರ ಹೆಚ್ಚಾದರೆ ಅಷ್ಟು ಗೊತ್ತಾಗದು. ಜೀರುಂಡೆ ಸದ್ದೇ ದೊಡ್ಡದಾಗಿರುವ ನಮ್ಮ ಕಾನಿನ ಅಂಚಿನ ಊರಲ್ಲಿ ರಾತ್ರಿ ಹನ್ನೊಂದಕ್ಕೆ ಹಿಟಾಚಿ ಶುರುವಾದರೆ ಕಾಯಿಲೆಯವರು, ಬಾಣಂತಿಯರು, ಎಸ್ಸೆಸ್ಸೆಲ್ಸಿ ಓದುವ ಮಕ್ಕಳು ಏನು ಮಾಡಬೇಕು?

ಟಿಪ್ಪರ್ ಮತ್ತು ಗುಂಡಿ

ಕಾಮಗಾರಿ ಕಾಲದ ಅಪಾಯ ಹಳಿಯ ಮೇಲಿಗಿಂತ ಊರಿನ ರಸ್ತೆಯ ಮೇಲೆ ಹೆಚ್ಚು. ಒಂದು ಬಸ್ಸಿಗೆ ಇನ್ನೊಂದು ಬಸ್ಸು ದಾರಿ ಬಿಡಲು ಒದ್ದಾಡುವ ರಸ್ತೆಯಲ್ಲಿ ಟಿಪ್ಪರ್‌ಗಳು ಸಾಲಾಗಿ ಬರುತ್ತವೆ. ಮಕ್ಕಳು ಅದೇ ರಸ್ತೆಯಲ್ಲಿ ನಡೆದು ಶಾಲೆಗೆ ಹೋಗುತ್ತಾರೆ. ಶಾಲೆ ಶುರುವಾಗುವ ಮತ್ತು ಬಿಡುವ ಒಂದೊಂದು ಗಂಟೆ ಟಿಪ್ಪರ್ ನಿಲ್ಲಿಸಿ, ಮಣ್ಣಿಗೆ ಟಾರ್ಪಾಲ್ ಹಾಕಿ, ಧೂಳಿಗೆ ನೀರು ಹೊಡೆಯಿರಿ, ತಿರುವಿನಲ್ಲಿ ಬಾವುಟ ಹಿಡಿಯುವ ಜನ ಇಡಿ. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ.

ಇನ್ನೊಂದು ಗುಂಡಿಯ ಸಮಸ್ಯೆ. ಏರಿ ಕಟ್ಟಲು ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಕೆರೆಯಂತೆ ಕಾಣುತ್ತವೆ. ಕೆರೆಗೆ ಇಳಿಜಾರು ದಡ ಇರುತ್ತದೆ. ಈ ಗುಂಡಿಗೆ ಇರುವುದು ಯಂತ್ರ ಕತ್ತರಿಸಿದ ನೇರ ಗೋಡೆ. ಈಜಲು ಇಳಿದ ಹುಡುಗ, ನೀರು ಕುಡಿಯಲು ಇಳಿದ ದನ ಮೇಲೆ ಬರಲಾಗದು. ಮಣ್ಣು ಎಲ್ಲಿಂದ ತೆಗೆಯುತ್ತೀರಿ, ತೆಗೆದ ಮೇಲೆ ಬೇಲಿ ಯಾರು ಹಾಕುತ್ತಾರೆ, ಯಾವಾಗ ಮುಚ್ಚುತ್ತೀರಿ ಎಂಬುದು ಜೂನ್‌ಗೆ ಮೊದಲೇ ಬರಹದಲ್ಲಿ ಬೇಕು.

ಹಳಿ ಹಾಕುವವರು ಬಹುಪಾಲು ದೂರದ ರಾಜ್ಯಗಳಿಂದ ಬಂದ ಕೂಲಿಕಾರರು. ಅವರ ಶೆಡ್ ಧರೆಯ ಬುಡದಲ್ಲಿ ಹಾಕಿದ್ದು ಕಂಡರೆ ಆ ದೂರನ್ನೂ ನಾವೇ ಕೊಡಬೇಕು. ನಮ್ಮ ಮಳೆ ಎಂಥದ್ದು ಎಂದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ.

ಸದ್ದು ಕಡಿಮೆಯಾದರೆ ಅಪಾಯ ಹೆಚ್ಚಬಾರದು

ರೈಲು ಓಡಲು ಶುರುವಾದ ಮೇಲೆ ಊರಿಗೆ ಹೆಚ್ಚು ಕೇಳುವುದು ಹಾರ್ನ್. ಗೇಟಿಗೆ ಸುಮಾರು 600 ಮೀಟರ್ ಮೊದಲು ಹಳದಿ ಫಲಕ ಇರುತ್ತದೆ. ಅಲ್ಲಿಂದ ಚಾಲಕರು ಸೀಟಿ ಹಾಕಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ದೂರ ದಾಟಲು 36 ಸೆಕೆಂಡ್ ಬೇಕು. ರಾತ್ರಿ ಎರಡು ಗಂಟೆಗೆ 36 ಸೆಕೆಂಡ್ ಹಾರ್ನ್ ಎಂದರೆ ಇಡೀ ಊರಿಗೆ ಎಚ್ಚರ. ಹಾಗೆಂದು ಹಾರ್ನ್ ಹಾಕಬೇಡಿ ಎನ್ನಲಾಗದು, ಅದು ಜೀವದ ಪ್ರಶ್ನೆ.

ಹಾರ್ನ್ ಕಡಿಮೆ ಮಾಡುವ ಸರಿಯಾದ ದಾರಿ ಎಂದರೆ ಗೇಟೇ ಬೇಡದಂತೆ ಮಾಡುವುದು. ಕೆಳಸೇತುವೆ ಅಥವಾ ಮೇಲುಸೇತುವೆ ಇದ್ದರೆ ರೈಲಿಗೂ ರಸ್ತೆಗೂ ಭೇಟಿಯೇ ಇಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ ರೈಲ್ವೆ 2019ರ ಜನವರಿ ಹೊತ್ತಿಗೆ ತೆಗೆದುಹಾಕಿತು. ಅದು ಸಾವಿರಾರು ಜೀವ ಉಳಿಸುವ ಕೆಲಸ, ಒಪ್ಪುತ್ತೇವೆ. ಆದರೆ ಬದಲಿಗೆ ಬಂದ ಎಷ್ಟೋ ಕೆಳಸೇತುವೆಗಳು ಮಳೆಗಾಲದಲ್ಲಿ ಈಜುಕೊಳ ಆಗುತ್ತವೆ. ಬಯಲುಸೀಮೆಯಲ್ಲೇ ಹೀಗಾದರೆ, ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ತಾಲ್ಲೂಕಿನಲ್ಲಿ ಏನಾದೀತು? ಕೆಳಸೇತುವೆಯಲ್ಲಿ ನೀರು ನಿಂತರೆ ಜನ ಮತ್ತೆ ಹಳಿ ಹತ್ತಿ ದಾಟುತ್ತಾರೆ. ಆಗ ಗೇಟೂ ಇಲ್ಲ, ಹಾರ್ನೂ ಇಲ್ಲ.

ಆದ್ದರಿಂದ ಬರೀ ‘ಕೆಳಸೇತುವೆ ಬೇಕು’ ಎಂದು ಬರೆಯಬೇಡಿ. ನೀರು ತಾನಾಗಿ ಹರಿದು ಹೋಗುವಂತಿದ್ದರೆ ಮಾತ್ರ ಕೆಳಸೇತುವೆ, ಇಲ್ಲದಿದ್ದರೆ ಮೇಲುಸೇತುವೆ ಎಂದು ಬರೆಯಿರಿ. ಬಸ್ಸು, ಆಂಬುಲೆನ್ಸ್, ಹುಲ್ಲು ತುಂಬಿದ ಲಾರಿ ಹೋಗುವಷ್ಟು ಎತ್ತರ ಕೇಳಿ. ದನ ಹೊಡೆದುಕೊಂಡು ಹೋಗುವ ದಾರಿ, ಸೊಪ್ಪಿನಬೆಟ್ಟಕ್ಕೆ ಹೋಗುವ ಕಾಲುದಾರಿ, ಸ್ಮಶಾನದ ದಾರಿ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಮಾಡಿ ಕೊಡಿ. ಸರ್ವೆಯವರ ನಕ್ಷೆಯಲ್ಲಿ ಡಾಂಬರು ರಸ್ತೆ ಇರುತ್ತದೆ, ನಮ್ಮ ಒಳದಾರಿ ಇರುವುದಿಲ್ಲ. ದಾಟುದಾರಿ ಇಲ್ಲದ ಕಡೆ ಹಳಿ ದಾಟಿದವರು ಕಾಯ್ದೆಯ ಕಣ್ಣಿಗೆ ಅತಿಕ್ರಮಿಗಳು. ಅದು ಅವರು ನೂರು ವರ್ಷದಿಂದ ನಡೆದ ದಾರಿಯಾಗಿದ್ದರೂ ಅಷ್ಟೇ.

ಹಳಿಯ ಸದ್ದು ತಗ್ಗಿಸುವ ವಿಧಾನಗಳೂ ಇವೆ. ತುಂಡು ಹಳಿಗಳ ಬದಲು ಉದ್ದಕ್ಕೆ ಬೆಸೆದ ಹಳಿ ಹಾಕಿದರೆ ಟಕ್ ಟಕ್ ಸದ್ದು ಹೋಗುತ್ತದೆ. ಹಳಿಯ ಕೆಳಗೆ ರಬ್ಬರ್ ಪ್ಯಾಡ್, ಸಾಕಷ್ಟು ಜಲ್ಲಿ ಇದ್ದರೆ ಅದುರು ತಗ್ಗುತ್ತದೆ. ಶಾಲೆ, ಆಸ್ಪತ್ರೆ ಇರುವಲ್ಲಿ ತಡೆಗೋಡೆ ಕಟ್ಟಬಹುದು. ಜಪಾನ್ 1975ರಲ್ಲೇ ಬುಲೆಟ್ ರೈಲಿಗೆ ವಸತಿ ಪ್ರದೇಶದಲ್ಲಿ 70 ಡೆಸಿಬೆಲ್ ಮಿತಿ ಹಾಕಿತು. ಕಿರಿಚುವ ಬೀಡುಕಬ್ಬಿಣದ ಬ್ರೇಕ್ ಇರುವ ಗೂಡ್ಸ್ ಬೋಗಿಗಳನ್ನು ಸ್ವಿಟ್ಜರ್‌ಲೆಂಡ್ 2020ರಿಂದ ನಿಷೇಧಿಸಿತು. ಅಲ್ಲಿಯೂ ಗುಡ್ಡಗಾಡು, ಅಲ್ಲಿಯೂ ದನ ಸಾಕುವ ಹಳ್ಳಿಗಳು.

ಆದರೆ ಒಂದು ಮಾತು ಮರೆಯಬಾರದು. ರೈಲು ಮೆತ್ತಗಾದಷ್ಟೂ ಹಳಿ ದಾಟುವವನಿಗೆ ಅದು ಬರುವುದು ಕೇಳುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿದವನಿಗಂತೂ ಕೇಳುವುದೇ ಇಲ್ಲ. ಚಾಲಕ ಬ್ರೇಕ್ ಹಾಕಿದರೂ ರೈಲು ನಿಲ್ಲುವಷ್ಟರಲ್ಲಿ ನೂರಾರು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಸದ್ದಿನ ಅರ್ಜಿ ಬೇರೆ, ಸುರಕ್ಷತೆಯ ಅರ್ಜಿ ಬೇರೆ ಮಾಡಬೇಡಿ. ಎರಡೂ ಒಂದೇ ಕಾಗದದಲ್ಲಿ ಇರಲಿ.

ಧರೆ ಮತ್ತು ದೋಟಿ

ಗುಡ್ಡ ಕಡಿದ ಜಾಗಕ್ಕೆ ನಾವು ಧರೆ ಎನ್ನುತ್ತೇವೆ. ಧರೆ ಕುಸಿಯುವುದು ನಮಗೆ ಹೊಸತಲ್ಲ. ರೈಲಿಗೂ ಹೊಸತಲ್ಲ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿಗೆ ಉರುಳಿದ ಬಂಡೆಗಳಿಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಇಂದು ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೇ ಪ್ರತ್ಯೇಕ ವೇಳಾಪಟ್ಟಿ ಇದೆ, ವೇಗ ಮಿತಿ ಇದೆ, ಬಂಡೆ ತಡೆಯುವ ಬಲೆ ಇದೆ, ಹಳಿ ಕಾಯುವ ಗಸ್ತು ಇದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 2024ರ ಜುಲೈ 26ರಂದು ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ವಾರಕ್ಕೂ ಹೆಚ್ಚು ಕಾಲ ರೈಲು ನಿಂತಿತು. ಅದಕ್ಕೆ ಹತ್ತು ದಿನ ಮೊದಲು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡವೇ ಬಿದ್ದು ಹಲವರು ಹೋದದ್ದನ್ನು ನಾವೆಲ್ಲ ನೋಡಿದ್ದೇವೆ.

ಧರೆ ರೈಲಿನ ಮೇಲಷ್ಟೇ ಬೀಳುವುದಲ್ಲ. ಧರೆಯ ಮೇಲಿರುವ ನಮ್ಮ ತೋಟವೂ ಜಾರುತ್ತದೆ. ಎಷ್ಟು ಇಳಿಜಾರಿನಲ್ಲಿ ಕಡಿಯುತ್ತೀರಿ, ಮೆಟ್ಟಿಲು ಮಾಡುತ್ತೀರಾ, ಧರೆಯ ಮೇಲಂಚಿನಲ್ಲಿ ನೀರು ಹಿಡಿಯುವ ಅಗಳ ತೋಡುತ್ತೀರಾ, ಆ ನೀರು ಯಾರ ಗದ್ದೆಗೆ ಬೀಳುತ್ತದೆ ಎಂದು ಕೇಳಿ. ಯಾವ ಹಳ್ಳ ಯಾವ ಮಳೆಯಲ್ಲಿ ಎಲ್ಲಿಯ ತನಕ ಏರಿತ್ತು ಎಂಬುದು ಎಂಜಿನಿಯರ್‌ಗಿಂತ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಆ ಗುರುತುಗಳನ್ನು ಬರೆಸಿ.

ಕೊನೆಯದಾಗಿ ದೋಟಿ. ಈಗ ಹೊಸ ಮಾರ್ಗಗಳು ವಿದ್ಯುತ್ ಮಾರ್ಗಗಳಾಗಿಯೇ ಬರುತ್ತವೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ನಮ್ಮ ಮನೆಗಳಿಗೆ ಬರುವುದು 230. ಆ ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಸಾಕು. ಎರಡು ಮೀಟರ್ ಒಳಗೆ ಹೋಗಬೇಡಿ ಎಂಬುದು ರೈಲ್ವೆಯ ಎಚ್ಚರಿಕೆ. ನಮ್ಮ ಅಡಿಕೆ ತೋಟಗಳಲ್ಲಿ ಈಗ ಕೊನೆ ತೆಗೆಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಅಪಾಯ ತಪ್ಪಿಸಿದ ಒಳ್ಳೆಯ ಉಪಕರಣ. ಆದರೆ ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹಳಿ ಅಂಚಿನ ತೋಟದಲ್ಲಿ ಆ ದೋಟಿ ಎತ್ತಿದವನ ಗತಿ ಊಹಿಸಿ. ತೋಟಕ್ಕೂ ತಂತಿಗೂ ಎಷ್ಟು ಅಂತರ ಬಿಡಬೇಕು, ಅಂಚಿನ ಸಾಲಿನ ಮರಗಳಿಗೂ ಪರಿಹಾರ ಇದೆಯೇ ಎಂಬುದು ಭೂಸ್ವಾಧೀನದ ಹೊತ್ತಿನಲ್ಲೇ ತೀರ್ಮಾನವಾಗಬೇಕು. ತಂತಿಗೆ ಕರೆಂಟ್ ಬಿಡುವ ಮೊದಲು ಪ್ರತಿ ಕೊನೆಗೌಡರಿಗೂ ಈ ವಿಷಯ ಮುಟ್ಟಬೇಕು.

‘ಕೇಳಿದರೆ ಯೋಜನೆ ನಿಲ್ಲುತ್ತದೆ’

ಊರಲ್ಲಿ ಈ ಮಾತು ಬಂದೇ ಬರುತ್ತದೆ. ಹುಬ್ಬಳ್ಳಿ–ಅಂಕೋಲಾ ನೋಡಿ, ತೊಂಬತ್ತರ ದಶಕದಲ್ಲಿ ಮಂಜೂರಾದದ್ದು ಇನ್ನೂ ಮುಗಿದಿಲ್ಲ, ಪ್ರಶ್ನೆ ಕೇಳಿದ್ದಕ್ಕೇ ಹಾಗಾಯಿತು ಎನ್ನುತ್ತಾರೆ. ಆ ಹೆದರಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆ ಮಾರ್ಗ ಸಿಕ್ಕಿಬಿದ್ದದ್ದು ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ. ತಾಳಗುಪ್ಪ–ಹೊನ್ನಾವರಕ್ಕೂ ಶರಾವತಿ ಕಣಿವೆಯಲ್ಲಿ ಅದೇ ಪ್ರಶ್ನೆ ಕಾದಿದೆ. ಅದರ ಚರ್ಚೆ ಬೇರೆ, ಅದನ್ನು ಇನ್ನೊಂದು ದಿನ ಮಾಡೋಣ. ಮೋರಿ ಅಗಲ ಮಾಡಿ, ರಾತ್ರಿ ಯಂತ್ರ ನಿಲ್ಲಿಸಿ, ಗುಂಡಿಗೆ ಬೇಲಿ ಹಾಕಿ ಎಂದು ಕೇಳಿದ್ದಕ್ಕೆ ಯಾವ ರೈಲೂ ನಿಲ್ಲುವುದಿಲ್ಲ.

ಮೊದಲೇ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಗೋವಾ ಉದಾಹರಣೆ. ಅಲ್ಲಿ ಜೋಡಿ ಹಳಿ ಕೆಲಸ ಶುರುವಾದ ಮೇಲೆ, 2020ರ ನವೆಂಬರ್ ಮೊದಲ ವಾರ, ಚಾಂದೋರ್ ಊರಿನಲ್ಲಿ ಸಾವಿರಾರು ಜನ ರಾತ್ರಿಯಿಡೀ ಹಳಿಯ ಬಳಿ ಜಾಗರಣೆ ಕೂತರು. ಕ್ಯಾಸಲ್‌ರಾಕ್–ಕುಳೆ ಭಾಗದ ವನ್ಯಜೀವಿ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೆಲಸ ಶುರುವಾದ ಮೇಲಿನ ಜಗಳದಲ್ಲಿ ಜನರಿಗೂ ನಷ್ಟ, ರೈಲ್ವೆಗೂ ನಷ್ಟ. ಮೊದಲೇ ಕೂತು ಮಾತಾಡುವುದು ಇಬ್ಬರಿಗೂ ಅಗ್ಗ.

ಊರು ಮಾಡಬೇಕಾದ ಕೆಲಸ

ಸರ್ವೆ ಕಲ್ಲು ಕಂಡ ದಿನವೇ ಪಂಚಾಯಿತಿಗೆ ಹೋಗಿ, ಗ್ರಾಮಸಭೆ ಕರೆಯಲು ಹೇಳಿ. ಹೆಂಗಸರೂ ಬರುವ ಹೊತ್ತಿಗೆ ಸಭೆ ಇಡಿ. ನೀರಿಗೆ, ಸೌದೆಗೆ, ಶಾಲೆಗೆ ಹೋಗುವ ದಾರಿ ಅವರಿಗೇ ಹೆಚ್ಚು ಗೊತ್ತು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕೊಟ್ಟು ಮಾರ್ಗದ ನಕ್ಷೆ, ಮೋರಿ–ಸೇತುವೆಗಳ ಪಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಊರಿನ ದಾರಿ, ಹಳ್ಳ, ಬಾವಿ, ಶಾಲೆ, ಹಳೆಯ ಮನೆಗಳ ಪಟ್ಟಿ ಮಾಡಿ ಠರಾವಿಗೆ ಸೇರಿಸಿ. ಠರಾವಿನ ಪ್ರತಿ ತಹಶೀಲ್ದಾರ್, ಜಿಲ್ಲಾಧಿಕಾರಿ, ರೈಲ್ವೆ ನಿರ್ಮಾಣ ವಿಭಾಗ, ಸಂಸದರು, ಶಾಸಕರು ಎಲ್ಲರಿಗೂ ಹೋಗಲಿ. ಸ್ವೀಕೃತಿ ಮುದ್ರೆ ಇಲ್ಲದೆ ಹಿಂದೆ ಬರಬೇಡಿ.

ನೋಟಿಸ್ ಯಾವ ಕಾಯ್ದೆಯಡಿ ಬಂದಿದೆ ಎಂದು ನೋಡಿ. ರೈಲ್ವೆ ಕಾಯ್ದೆಯಡಿ ಬಂದಿದ್ದರೆ ಆಕ್ಷೇಪಣೆಗೆ 30 ದಿನ ಮಾತ್ರ. ಬೇರೆ ಕಾಯ್ದೆಯಾದರೆ ಅವಧಿ ಆ ನೋಟಿಸಿನಲ್ಲೇ ಇರುತ್ತದೆ.

ಕೆಲಸ ಶುರುವಾದ ಮೇಲೆ ದೂರು ಕೊಡಲು ಒಬ್ಬ ಅಧಿಕಾರಿಯ ಹೆಸರು, ಫೋನ್ ನಂಬರ್ ಇರುವ ಬೋರ್ಡು ಊರ ಬಾಗಿಲಲ್ಲೇ ಇರಲಿ ಎಂದು ಕೇಳಿ. ತಿಂಗಳಿಗೊಮ್ಮೆ ಪಂಚಾಯಿತಿಯಲ್ಲಿ ಗುತ್ತಿಗೆದಾರರ ಜೊತೆ ಸಭೆ ಇರಲಿ.

ನಮ್ಮ ಕಡೆ ಜಿಲ್ಲಾ ವರದಿಗಾರರ ಕೆಲಸ ಹೇಗಿದೆ ಎಂದರೆ, ಶಂಕುಸ್ಥಾಪನೆಗೆ ಮುಖಪುಟ, ಉದ್ಘಾಟನೆಗೆ ಮುಖಪುಟ, ನಡುವಿನ ವರ್ಷಗಳಿಗೆ ಒಳಪುಟದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲೂ ಸಾಮಾನ್ಯವಾಗಿ ಯಾರೋ ಸತ್ತಾಗ ಬರುತ್ತವೆ. ಹಾಗೆ ಬರೆದವರಲ್ಲಿ ನಾವೂ ಇದ್ದೇವೆ. ಈ ಸಲ ಸ್ವಲ್ಪ ಮೊದಲೇ ಬರೆದಿದ್ದೇವೆ.

ಹೊಳೆಬಾಗಿಲಿನಲ್ಲಿ ಲಾಂಚಿನ ಎಂಜಿನ್ ಸದ್ದು ದೂರದಿಂದಲೇ ಕೇಳುತ್ತಿತ್ತು. ಅದು ಕೇಳಿದ ಮೇಲೆ ಓಡಿ ಬಂದರೂ ಜಾಗ ಸಿಗುತ್ತಿತ್ತು. ರೈಲಿನ ವಿಷಯದಲ್ಲಿ ಹಾಗಲ್ಲ. ಅದರ ಸದ್ದು ನಮ್ಮ ಊರಿಗೆ ಕೇಳುವ ಹೊತ್ತಿಗೆ ನಮ್ಮ ಅರ್ಜಿಗೆ ಮುದ್ರೆ ಬಿದ್ದಾಗಿರಬೇಕು.